ತಂಗಿಯ ನಿದ್ದೆ

ತಂಗಿ ದಿಂಬಿಗೆ ತಲೆ ಕೊಟ್ಟರೆ ಮೂರನೇ ಉಸಿರಿಗೆ ನಿದ್ದೆ. ಇದನ್ನು ಅಕ್ಕ ಅಂದಾಜಿನ ಮೇಲೆ ಹೇಳುತ್ತಿದ್ದುದಲ್ಲ. ಮೂರು ವರ್ಷ ಪಕ್ಕದ ಮಂಚದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿ, ಕಂಡು ಹೇಳುತ್ತಿದ್ದುದು. ಮೊದಲ ಉಸಿರಿಗೆ ತಂಗಿ ಕಾಲು ಚಾಚುತ್ತಾಳೆ, ಎರಡನೆಯದಕ್ಕೆ ಬಾಯಿ ತುಸು ತೆರೆಯುತ್ತಾಳೆ, ಮೂರನೆಯದಕ್ಕೆ ಸಣ್ಣಗೆ ಗೊರಕೆ ಶುರು. ಆಮೇಲೆ ಬೆಳಗ್ಗೆ ಆರೂವರೆಯ ತನಕ ತಲೆಯ ಮೇಲೆ ಸೂರು ಕಳಚಿ ಬಿದ್ದರೂ ಅವಳಿಗೆ ಗೊತ್ತಾಗದು. ಅದನ್ನು ಕೇಳುತ್ತ ಮಲಗಿದ ಅಕ್ಕನ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಗುತ್ತಿತ್ತು.

ಅಕ್ಕನಿಗೆ ಆಗ ನಲವತ್ತೊಂಬತ್ತು. ಹಲ್ಲು ಕಟ್ಟುವ ಕೆಲಸ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಆ ಅಚ್ಚಿಗೆ ಬಿಳಿ ಪುಡಿ ಕಲಸಿ ಸುರಿದು ದವಡೆ ಮಾಡಿಕೊಂಡು, ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲನ್ನು ಸ್ಪಿರಿಟ್ ದೀಪಕ್ಕೆ ಕಾಯಿಸಿದ ಚಾಕುವಿನಿಂದ ಅದರೊಳಗೆ ಕೂರಿಸಬೇಕು. ಪುಸ್ತಕದಂಗಡಿಯ ಮೇಲಿನ ಆ ಎರಡು ಕೋಣೆಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಸ್ಟೂಲು. ಎಲ್ಲರೂ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಊರಿನ ಮುದುಕರಲ್ಲಿ ಅರ್ಧ ಜನ ನಕ್ಕರೆ ಅದು ಹಲ್ಲಕ್ಕನ ಕೈಕೆಲಸ. ಅವಳು ಮಾತ್ರ ಹಲ್ಲು ಬಿಟ್ಟು ನಗುವುದು ಅಪರೂಪ.

ತಂಗಿ ಐದು ವರ್ಷ ಚಿಕ್ಕವಳು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಗಂಡ ಇನ್ನೊಬ್ಬಳ ಜೊತೆ ಮನೆ ಮಾಡಿದ ಮೇಲೆ ಎರಡು ಸೂಟ್‌ಕೇಸು ಹಿಡಿದು ಅಕ್ಕನ ಮೂರನೇ ಮಹಡಿಯ ಮನೆಗೆ ಬಂದಳು. ಬಂದ ದಿನ ಚೆನ್ನಾಗಿ ಅತ್ತಳು, ಮೂಗು ಒರೆಸಿಕೊಂಡಳು, ಉಂಡಳು, ಒಂಬತ್ತು ಗಂಟೆ ನಿದ್ದೆ ಹೊಡೆದಳು. ತಂಗಿಯ ಬಾಳು ಹೀಗಾಯಿತಲ್ಲ ಎಂದು ಬೆಳಗಿನ ತನಕ ಎಚ್ಚರವಿದ್ದವಳು ಅಕ್ಕ.

ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ತಂಗಿಗೆ ಚಿಂತೆ ಇದ್ದೂ ನಿದ್ದೆ ಬರುತ್ತಿತ್ತು. ಅಕ್ಕನಿಗೆ ಸಹಿಸಲಾಗದೆ ಹೋದದ್ದು ಅದೇ.

ಅಕ್ಕನ ನಿದ್ದೆ ಕೆಟ್ಟದ್ದು ಹನ್ನೊಂದು ವರ್ಷದ ಹಿಂದೆ, ಅಮ್ಮ ಹೋದಾಗ. ಅಮ್ಮನಿಗೆ ಉಸಿರಿನ ಕಾಯಿಲೆ. ಎರಡು ವರ್ಷ ರಾತ್ರಿ ಪಾಳಿಯೆಲ್ಲ ಅಕ್ಕನದೇ. ದಿಂಬು ಎತ್ತರಿಸುವುದು, ಬೆನ್ನು ನೀವುವುದು, ಹಗಲು ಹೋಗಿ ಹಲ್ಲು ಕಟ್ಟುವುದು. ಆಗ ಗಂಡನ ಮನೆಯಲ್ಲಿದ್ದ ತಂಗಿ ಒಂದು ಶನಿವಾರ ನೋಡಲು ಬಂದವಳು, "ಅಕ್ಕ, ಇವತ್ತೊಂದಿನ ನಾನು ನೋಡ್ಕೋತೀನಿ, ನೀನು ಒಳಗೆ ಹೋಗಿ ಮಲಗು" ಎಂದಳು. ಅಕ್ಕ ಒಳಕೋಣೆಗೆ ಹೋಗಿ ಕಲ್ಲಿನ ಹಾಗೆ ಮಲಗಿಬಿಟ್ಟಳು. ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೆಂಟರು ಸುತ್ತ ನಿಂತಾಗ ತಂಗಿ ಹೇಳಿದ್ದು ಇಷ್ಟು: "ಅಮ್ಮ ನೀರು ಕೇಳಿದ್ಲು, ಕುಡಿಸಿದೆ. ಅಕ್ಕನ್ನ ಎಬ್ಬಿಸ್ಬೇಡ, ಪಾಪ, ಮಲಗ್ಲಿ ಅಂದ್ಲು. ಹಾಗೇ ಕಣ್ಣು ಮುಚ್ಚಿದ್ಲು."

ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ಕೊನೆಗಳಿಗೆಯಲ್ಲೂ ದೊಡ್ಡ ಮಗಳ ಮೇಲೆ ಎಷ್ಟು ಪ್ರೀತಿ ನೋಡಿ ಎಂದರು. ಅಕ್ಕನಿಗೆ ಮಾತ್ರ ಆ ಮಾತು ಗಂಟಲಿಗೆ ಸಿಕ್ಕ ಮೀನಿನ ಮುಳ್ಳಾಯಿತು. ಏಳುನೂರು ರಾತ್ರಿ ಕಾದವಳಿಗೆ ಸಿಗದ ಗಳಿಗೆ ಒಂದು ರಾತ್ರಿಯ ಅತಿಥಿಗೆ ಸಿಕ್ಕಿತಲ್ಲ! ಅಮ್ಮನ ಕೊನೆಯ ಗುಟುಕು ಅವಳ ಕೈಯಲ್ಲಿ, ಕೊನೆಯ ಮಾತು ಅವಳ ಕಿವಿಗೆ. ತನ್ನ ಪಾಲಿಗೆ ಬಂದದ್ದು ನಿದ್ದೆ.

ಅಂದಿನಿಂದ ಕಣ್ಣು ಎಳೆಯತೊಡಗಿದರೆ ಎದೆ ಧಸಕ್ಕೆಂದು ಎಚ್ಚರವಾಗಿಬಿಡುತ್ತಿತ್ತು. ವರ್ಷ ಕಳೆದಂತೆ ಅಮ್ಮನ ನೆನಪು ಹಿಂದೆ ಸರಿದು, ನಿದ್ದೆ ಬರದಿದ್ದರೇನು ಗತಿ ಎಂಬ ದಿಗಿಲೇ ಮುಂದೆ ಬಂದು ಕೂತಿತು. ಸಂಜೆ ನಾಲ್ಕಾಯಿತೆಂದರೆ ಅಳುಕು ಶುರು. ಬಿಸಿ ಹಾಲು ಕುಡಿದದ್ದಾಯಿತು, ಅಂಗಾಲಿಗೆ ಎಣ್ಣೆ ತಿಕ್ಕಿದ್ದಾಯಿತು, ದಪ್ಪ ಪರದೆ ಹಾಕಿಸಿದ್ದಾಯಿತು, ನಾಲ್ಕು ಬಗೆಯ ದಿಂಬು ಕೊಂಡದ್ದಾಯಿತು. ಒಂಬತ್ತಕ್ಕೇ ಹಾಸಿಗೆಗೆ ಹೋಗಿ ಪರೀಕ್ಷೆಗೆ ಕೂತವಳ ಹಾಗೆ ಬಿಗಿದುಕೊಂಡು ಮಲಗುವಳು. ಗಡಿಯಾರ ನೋಡುವಳು. ಈಗ ಬಂದರೂ ಐದು ಗಂಟೆ ಸಿಗುತ್ತದೆ, ಈಗ ಬಂದರೂ ನಾಲ್ಕು. ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ತೂಕಡಿಸುವವರನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು. ತೂಕಡಿಸುವ ಕಾವಲುಗಾರ, ತಾಯಿಯ ಹೆಗಲ ಮೇಲೆ ಜೊಲ್ಲು ಸುರಿಸುವ ಕೂಸು, ಯಾರನ್ನೂ ಅವಳ ಕಣ್ಣು ಬಿಡುತ್ತಿರಲಿಲ್ಲ. ಒಮ್ಮೆಯಂತೂ ತಂಗಿಯ ಗೊರಕೆ ತಡೆಯಲಾಗದೆ, ಎದ್ದು ಹೋಗಿ ಅಡುಗೆಮನೆಯಲ್ಲಿ ಸ್ಟೀಲಿನ ಮುಚ್ಚಳವನ್ನು ಬೇಕೆಂದೇ ನೆಲಕ್ಕೆ ಹಾಕಿದಳು. ತಂಗಿ ಮಗ್ಗುಲು ಬದಲಿಸಿ, "ಬೆಕ್ಕು ಬಂತು ನೋಡಕ್ಕ" ಎಂದು ಮತ್ತೆ ಮಲಗಿದಳು.

ಇದೆಲ್ಲ ಹೀಗೇ ಸಾಗುತ್ತಿತ್ತೋ ಏನೋ. ಆದರೆ ಒಂದು ದಿನ ಹಲ್ಲಕ್ಕನ ಕೈ ತಪ್ಪಿತು. ನಿವೃತ್ತ ಸಂಗೀತದ ಮೇಷ್ಟ್ರೊಬ್ಬರ ಸೆಟ್ಟಿನಲ್ಲಿ ಎಡಗಡೆಯ ಕೋರೆಹಲ್ಲನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂರಿಸಿ ಕಳಿಸಿದ್ದಳು. ಡಾಕ್ಟರು ತಾವೇ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬೈಯಲಿಲ್ಲ.

"ಹಲ್ಲಕ್ಕ, ಇಪ್ಪತ್ತು ವರ್ಷದಲ್ಲಿ ನಿಮ್ಮ ಕೈಯಿಂದ ಇಂಥದ್ದು ಬಂದಿರ್ಲಿಲ್ಲ. ಏನಾಗಿದೆ?"

"ನಿದ್ದೆ ಇಲ್ಲ ಡಾಕ್ಟ್ರೇ."

"ಎಷ್ಟು ದಿನದಿಂದ?"

"ಹನ್ನೊಂದು ವರ್ಷ."

ಡಾಕ್ಟರು ಡಬ್ಬಿಯ ಮುಚ್ಚಳದ ಹಿಂದೆಯೇ ತಮ್ಮ ಸಹಪಾಠಿಯೊಬ್ಬರ ವಿಳಾಸ ಬರೆದುಕೊಟ್ಟರು. ನಿದ್ದೆಯ ತೊಂದರೆಯನ್ನೇ ನೋಡುವ ಡಾಕ್ಟರಮ್ಮ.

ಆ ಡಾಕ್ಟರಮ್ಮ ಮಾತ್ರೆ ಬರೆಯುತ್ತಾರೆ ಎಂದುಕೊಂಡಿದ್ದಳು ಅಕ್ಕ. ಆಕೆ ಕೇಳಿದ್ದು ಬೇರೆ.

"ಹಾಸಿಗೆಗೆ ಎಷ್ಟು ಹೊತ್ತಿಗೆ ಹೋಗ್ತೀರಿ?"

"ಒಂಬತ್ತಕ್ಕೆ. ಏಳೋದು ಆರೂವರೆಗೆ."

"ಒಂಬತ್ತೂವರೆ ಗಂಟೆ! ಅದರಲ್ಲಿ ನಿದ್ದೆ ಎಷ್ಟು?"

"ಕಣ್ಣಿಗೆ ಕಣ್ಣೇ ಹತ್ತಲ್ಲ."

"ಹನ್ನೊಂದು ವರ್ಷ ಕಣ್ಣಿಗೆ ಕಣ್ಣು ಹತ್ತದೇ ಇದ್ದೋರು ಇಲ್ಲಿ ಕೂತು ನನ್ನ ಜೊತೆ ಮಾತಾಡ್ತಿರಲ್ಲಮ್ಮ. ಎರಡು ವಾರ ಬೆಳಗ್ಗೆ ಎದ್ದ ತಕ್ಷಣ ಅಂದಾಜಿಗೆ ಬರೆದಿಡಿ, ನೋಡೋಣ."

ಬರೆದು ನೋಡಿದರೆ ದಿನಕ್ಕೆ ಐದು ಗಂಟೆಯ ಆಸುಪಾಸು ನಿದ್ದೆ, ಅದೂ ತುಂಡು ತುಂಡಾಗಿ. ಅಕ್ಕನಿಗೆ ಸಮಾಧಾನವಾಗುವ ಬದಲು ಅವಮಾನವಾಯಿತು. ಇಷ್ಟು ವರ್ಷದ ಕಷ್ಟವನ್ನು ಯಾರೋ ಅರ್ಧಕ್ಕಿಳಿಸಿದ ಹಾಗೆ.

ಡಾಕ್ಟರಮ್ಮ ಕಟ್ಟಳೆ ಹಾಕಿದರು. ಹಾಸಿಗೆಗೆ ಹೋಗುವುದು ಹನ್ನೆರಡೂವರೆಗೆ, ಅದಕ್ಕೆ ಮುಂಚೆ ಕೂಡದು. ಆರಕ್ಕೆ ಏಳಲೇಬೇಕು, ನಿದ್ದೆ ಬಂದಿರಲಿ ಬಿಡಲಿ. ಹಗಲು ತೂಕಡಿಸುವ ಹಾಗಿಲ್ಲ. ಕೋಣೆಯಲ್ಲಿ ಗಡಿಯಾರ ಇರಬಾರದು. ಬಹಳ ಹೊತ್ತು ನಿದ್ದೆ ಬರಲಿಲ್ಲ ಅನಿಸಿದರೆ ಎದ್ದು ಹೊರಗೆ ಬಂದು ಕೂರಬೇಕು, ಕಣ್ಣು ಎಳೆದಾಗ ಮಾತ್ರ ಮರಳಬೇಕು.

"ನಿದ್ದೆ ಇಲ್ಲ ಅಂತ ಬಂದೋಳಿಗೆ ಮಲಗ್ಬೇಡ ಅಂತೀರಲ್ಲ!"

"ಮಲಗಿ ಮಲಗಿ ಏನು ಸಿಕ್ಕಿದೆ ಹೇಳಿ?" ಎಂದರು ಡಾಕ್ಟರಮ್ಮ. "ಈಗ ನಿಮಗೆ ಹಾಸಿಗೆ ಅಂದ್ರೆ ಚಿಂತೆ ಮಾಡೋ ಜಾಗ. ಆ ಅಭ್ಯಾಸ ತಪ್ಪಿಸ್ಬೇಕು. ಮೊದಲ ವಾರ ಕಷ್ಟ ಆಗುತ್ತೆ, ನನ್ನ ಬೈಕೊಳ್ಳಿ, ಆದ್ರೆ ಬಿಡಬೇಡಿ."

ತಂಗಿಗೆ ವಿಷಯ ತಿಳಿದು ಹುರುಪು ಬಂತು. "ನೀನೊಬ್ಬಳೇ ಯಾಕೆ ಕೂರ್ತೀಯ ಅಕ್ಕ? ಹನ್ನೆರಡೂವರೆ ತನಕ ನಾನೂ ಜೊತೆಗಿರ್ತೀನಿ" ಎಂದಳು. ಮುಂದಿನ ಕೋಣೆಯ ಸೋಫಾದಲ್ಲಿ ಹೊದಿಕೆ ಹೊದ್ದು ಕೂತಳು. ಹತ್ತು ಗಂಟೆ ಐದು ನಿಮಿಷಕ್ಕೆ ಅವಳ ಗಲ್ಲ ಎದೆಗೆ ತಾಗಿತು. ಎರಡನೇ ದಿನವೂ ಅದೇ, ಮೂರನೇ ದಿನವೂ ಅದೇ. ಅಕ್ಕ ಎದುರಿನ ಮರದ ಕುರ್ಚಿಯಲ್ಲಿ ಹಳೆಯ ರವಿಕೆಗಳಿಗೆ ಗುಂಡಿ ಹೊಲಿಯುತ್ತ, ಕಣ್ಣಿಗೆ ತಣ್ಣೀರು ಹಾಕಿಕೊಳ್ಳುತ್ತ, ಆ ತೆರೆದ ಬಾಯನ್ನು ನೋಡುತ್ತ ಕೂರಬೇಕು. ಹಸಿದವಳ ಮುಂದೆ ಕೂತು ಉಣ್ಣುವುದೂ ಒಂದೇ, ಇದೂ ಒಂದೇ.

ಆರನೇ ದಿನ ತಡೆಯಲಾಗಲಿಲ್ಲ. ತಂಗಿಯ ಹೆಗಲು ಹಿಡಿದು ಅಲ್ಲಾಡಿಸಿದಳು.

"ಏಳೇ! ಜೊತೆಗಿರ್ತೀನಿ ಅಂತ ಬಂದು ನನ್ನೆದುರಿಗೇ ಗೊರಕೆ ಹೊಡೀತೀಯಲ್ಲ, ನಾಚಿಕೆ ಆಗಲ್ವಾ?"

ತಂಗಿ ಕಣ್ಣುಜ್ಜಿಕೊಂಡಳು. "ಬಂದುಬಿಡುತ್ತೆ ಅಕ್ಕ, ಏನ್ ಮಾಡ್ಲಿ?"

"ಬಂದುಬಿಡುತ್ತಂತೆ! ಗಂಡ ಬಿಟ್ರೂ ಬರುತ್ತೆ, ಮನೆ ಬಿದ್ರೂ ಬರುತ್ತೆ. ಇಡೀ ಜನ್ಮದಲ್ಲಿ ನೀನು ಎಚ್ಚರ ಇದ್ದಿದ್ದು ಒಂದೇ ರಾತ್ರಿ. ಇರಬೇಕಾಗಿದ್ದೋಳು ನಾನು. ಅದನ್ನೂ ಕಿತ್ಕೊಂಡೆ."

ತಂಗಿಗೆ ಯಾವ ರಾತ್ರಿ ಎಂದು ಕೇಳಬೇಕಾಗಲಿಲ್ಲ. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅಕ್ಕ, ಆ ರಾತ್ರಿನೂ ನಾನು ಎಚ್ಚರ ಇರ್ಲಿಲ್ಲ."

"ಏನಂದೆ?"

"ಮಲಗಿಬಿಟ್ಟಿದ್ದೆ. ರಾತ್ರಿ ಒಂದು ಗಂಟೆ ತನಕ ನೋಡ್ದೆ, ಅಮ್ಮ ಚೆನ್ನಾಗೇ ಇದ್ಲು. ಮಂಚದ ಅಂಚಿಗೆ ತಲೆ ಇಟ್ಟೆ. ನಾಲ್ಕೂವರೆಗೆ ಎಚ್ಚರ ಆದಾಗ ಹೋಗಿಬಿಟ್ಟಿದ್ಲು. ನೀರೂ ಕೇಳ್ಲಿಲ್ಲ, ಏನೂ ಹೇಳ್ಲಿಲ್ಲ. ನೆಂಟರೆಲ್ಲ ಮೈಮೇಲೆ ಬಿದ್ದು ಏನಂದ್ಲು, ಏನಂದ್ಲು ಅಂತ ಕೇಳಿದ್ರು. ಮಲಗಿದ್ದೆ ಅಂತ ಹೇಳೋಕಾಗುತ್ತಾ? ನಿನಗಾದ್ರೂ ಸಮಾಧಾನ ಆಗ್ಲಿ ಅಂತ ಬಾಯಿಗೆ ಬಂದಿದ್ದು ಹೇಳ್ದೆ."

ಅಕ್ಕ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು ಎದ್ದು ಬಾಲ್ಕನಿಗೆ ಹೋದಳು.

ಆಮೇಲೆ ನಾಲ್ಕು ದಿನ ಮನೆಯಲ್ಲಿ ಪಾತ್ರೆಗಳದ್ದು ಮಾತ್ರ ಸದ್ದು. ತಪ್ಪೊಪ್ಪಿಕೊಂಡರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ಅಕ್ಕನದು ಇಮ್ಮಡಿಯಾಯಿತು. ಅಂಥ ರಾತ್ರಿ ಮಲಗಿದವಳು, ಮಲಗಿ ಸುಳ್ಳು ಹೇಳಿದವಳು, ಹನ್ನೊಂದು ವರ್ಷ ಹಾಯಾಗಿ ನಿದ್ದೆ ಮಾಡಿದ್ದಾಳೆ. ನಾನು, ಅಮ್ಮನನ್ನು ಅವಳಿಗೆ ಒಪ್ಪಿಸಿ ಮಲಗಿದವಳು, ಶಿಕ್ಷೆ ಉಂಡಿದ್ದೇನೆ. ಇದ್ಯಾವ ನ್ಯಾಯ? ಇನ್ನೂ ವಿಚಿತ್ರವೆಂದರೆ, ಅಷ್ಟು ದಿನ ಮುಳ್ಳಾಗಿ ಚುಚ್ಚಿದ್ದ ಆ ಮಾತು ಸುಳ್ಳೆಂದು ಗೊತ್ತಾದ ಮೇಲೆ ಅದನ್ನು ಕಳೆದುಕೊಂಡ ಸಂಕಟವೂ ಆಯಿತು. ಸ್ಟೂಲಿನ ಮೇಲೆ ಕೂತು ಮೇಣ ಕೆರೆಯುತ್ತಿದ್ದವಳಿಗೆ, 'ಪಾಪ, ಮಲಗ್ಲಿ' ಎಂದು ಅಮ್ಮ ಅನ್ನಲೇ ಇಲ್ಲವಲ್ಲ ಎಂದು ಕಣ್ಣು ತುಂಬಿತು.

ಆದರೆ ಹಟಕ್ಕೆ ಬಿದ್ದವಳ ಹಾಗೆ ಡಾಕ್ಟರಮ್ಮನ ಕಟ್ಟಳೆಯನ್ನು ಮಾತ್ರ ಬಿಡಲಿಲ್ಲ. ಹನ್ನೆರಡೂವರೆಗೆ ಹಾಸಿಗೆ, ಆರಕ್ಕೆ ಎದ್ದು ತಣ್ಣೀರು. ಹಗಲು ಕಣ್ಣು ಮರಳು ಹಾಕಿದಂತೆ ಉರಿಯುತ್ತಿತ್ತು. ಊಟದ ಹೊತ್ತಿನಲ್ಲಿ ಕಾರ್ಖಾನೆಯ ಮೆಟ್ಟಿಲನ್ನು ಹತ್ತಿ ಇಳಿದು ಜೋಂಪು ಕಳೆಯುತ್ತಿದ್ದಳು. ಸಿಟ್ಟೂ ಸಹಾಯಕ್ಕೆ ಬಂತೆನ್ನಬೇಕು. ತಂಗಿಯ ಮೇಲೆ ಹಲ್ಲು ಕಡಿಯುವುದರಲ್ಲಿ, ಇವತ್ತು ನಿದ್ದೆ ಬರುತ್ತದೋ ಇಲ್ಲವೋ ಎಂದು ಹೆದರುವುದೇ ಮರೆತುಹೋಗುತ್ತಿತ್ತು. ಹನ್ನೊಂದನೆಯ ದಿನ ಹಾಸಿಗೆಗೆ ಹೋಗಿ, ನಾಳೆ ಅವಳಿಗೆ ಏನೆನ್ನಬೇಕು ಎಂದು ಒಂದು ಮಾತು ಜೋಡಿಸಲು ಹೊರಟವಳು ಮಾತು ಮುಗಿಯುವ ಮುಂಚೆ ನಿದ್ದೆ ಹೋದಳು. ಎಚ್ಚರವಾದಾಗ ಪರದೆಯ ಅಂಚಿನಲ್ಲಿ ಬೆಳಕಿತ್ತು. ಒಂದು ಕ್ಷಣ ಎದೆ ಧಸಕ್ಕೆಂದಿತು. ಪಕ್ಕದ ಮಂಚ ನೋಡಿದಳು. ತಂಗಿ ಉಸಿರಾಡುತ್ತಿದ್ದಳು, ಜೋರಾಗಿಯೇ.

ಆ ಬೆಳಗ್ಗೆ ಚಹಾ ಸೋಸುತ್ತ, ತಿರುಗಿ ನೋಡದೆಯೇ ಕೇಳಿದಳು:

"ಅಮ್ಮನ ಹತ್ರ ಹೇಗೆ ಮಲಗಿದ್ದೆ ಆವತ್ತು?"

"ಕೆಳಗೆ ಕೂತು ಮಂಚಕ್ಕೆ ತಲೆ ಕೊಟ್ಟು. ಅಮ್ಮನ ಕೈ ಹಿಡ್ಕೊಂಡಿದ್ದೆ."

"ಎಚ್ಚರ ಆದಾಗಲೂ?"

"ಹೂಂ. ತಣ್ಣಗಿತ್ತು. ಆದ್ರೂ ಹಿಡ್ಕೊಂಡೇ ಇದ್ದೆ."

ಮೂರೂವರೆ ಗಂಟೆ ಅಮ್ಮನ ಕೈ ಹಿಡಿದು ಮಲಗಿದ್ದಾಳೆ! ಅದಕ್ಕೂ ಅಕ್ಕನ ಹೊಟ್ಟೆ ಚುರ್ರೆಂದಿತು. ಆದರೆ ಈ ಉರಿಗೆ ಮೊದಲಿನ ಕಾವಿರಲಿಲ್ಲ. ಚಹಾದ ಲೋಟ ತಂಗಿಯ ಮುಂದಿಟ್ಟು ಎದುರಿಗೆ ಕೂತಳು.

"ಅಮ್ಮ ಕೆಮ್ಮಿದ್ರೆ ನಿನಗೆ ಎಚ್ಚರ ಆಗ್ತಿತ್ತಾ?"

"ಗೊತ್ತಿಲ್ಲ ಅಕ್ಕ. ಅದೇ ಪ್ರಶ್ನೆ ಕೇಳ್ಕೊಂಡು ಎಷ್ಟೋ ಸಲ ಬಸ್ಸಿನಲ್ಲಿ ಅತ್ತಿದೀನಿ. ಹಗಲಲ್ಲಿ."

ತಂಗಿ ಅತ್ತದ್ದು ಅಕ್ಕನಿಗೆ ಗೊತ್ತಿರಲಿಲ್ಲ. ರಾತ್ರಿ ಅಳುವುದೊಂದೇ ಅಳು ಎಂದುಕೊಂಡಿದ್ದಳು. "ಅಮ್ಮನೂ ನಿದ್ದೇಲೇ ಹೋಗಿರ್ಬೇಕು ಬಿಡು" ಎಂದಳು. ಅದು ತಂಗಿಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ, ಅವಳಿಗೇ ತಿಳಿಯಲಿಲ್ಲ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತೆಂದಲ್ಲ. ನಡುವೆ ಒಂದು ವಾರ ಪೂರ್ತಿ ಕೆಟ್ಟಿತು. ಅಕ್ಕ ಡಾಕ್ಟರಮ್ಮನ ಎದುರು ಕೂತು ಅತ್ತಳು. "ಒಂದು ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ಏನಾಗುತ್ತೆ? ಮಾರನೇ ದಿನ ಸುಸ್ತಾಗುತ್ತೆ. ಅಷ್ಟೇ ಅಲ್ವಾ?" ಎಂದರು ಆಕೆ. ಅಷ್ಟೇ ಎಂದು ಒಪ್ಪಿಕೊಳ್ಳಲು ಅಕ್ಕನಿಗೆ ಎರಡು ತಿಂಗಳು ಬೇಕಾಯಿತು. ಹಾಸಿಗೆಯ ಹೊತ್ತು ಕಾಲು ಗಂಟೆ, ಕಾಲು ಗಂಟೆಯಂತೆ ಹಿಂದಕ್ಕೆ ಸರಿದು ಹನ್ನೊಂದಕ್ಕೆ ಬಂದು ನಿಂತಿತು. ನಾಲ್ಕು ದಿಂಬುಗಳಲ್ಲಿ ಮೂರು ಅಟ್ಟ ಸೇರಿದವು. ಸಂಗೀತದ ಮೇಷ್ಟ್ರು ಹೊಸ ಸೆಟ್ಟು ಹಾಕಿಕೊಂಡು ಬಂದು, ಕಾರ್ಖಾನೆಯಲ್ಲೇ ನಿಂತು ಎರಡು ಸಾಲು ಹಾಡಿ ತೋರಿಸಿ ಹೋದರು.

ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದರೆ ಹೇಳುವುದು ಕಷ್ಟ. ತಂಗಿಯ ಮೂರು ಉಸಿರಿನ ನಿದ್ದೆ ಅಕ್ಕನಿಗೆ ಎಂದೂ ಸಿಗುವುದಲ್ಲ. ಇಪ್ಪತ್ತು ನಿಮಿಷವಾದರೂ ಬೇಕು, ನಡುವೆ ಒಮ್ಮೆ ಎಚ್ಚರವೂ ಆಗಬೇಕು. ಮೊನ್ನೆ ಭಾನುವಾರ ಮಾತ್ರ ಹನ್ನೊಂದಕ್ಕೆ ಮಲಗಿದವಳಿಗೆ ಕಣ್ಣು ತೆರೆದಾಗ ಬೆಳಗಾಗಿತ್ತು. ಏಳು ಗಂಟೆ, ಇಡಿಯಾಗಿ, ಒಂದು ತೂತೂ ಇಲ್ಲದೆ.

"ಹೇಗಿತ್ತಕ್ಕ ನಿದ್ದೆ?" ಎಂದು ತಂಗಿ ಆಕಳಿಸುತ್ತ ಕೇಳಿದಳು.

"ಏನೋ, ಪರವಾಗಿಲ್ಲ" ಎಂದಳು ಅಕ್ಕ, ಮುಖ ಗಂಟು ಹಾಕಿಕೊಂಡೇ. ಆ ಏಳು ಗಂಟೆಯಲ್ಲಿ ಒಂದು ನಿಮಿಷವನ್ನೂ ತಂಗಿಗೆ ತೋರಿಸಲು ಅವಳಿಗೆ ಮನಸ್ಸಿರಲಿಲ್ಲ.