ಹಿತ್ತಾಳೆ ಡಬ್ಬಕ್ಕೆ ಸುರಿದ ಮಾತ್ರೆಗಳು

ಕುಣಿಗಲ್ ಕಡೆಯ ಹಳ್ಳಿಯಿಂದ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮೂವರು ಸೊಸೆಯರಲ್ಲಿ ನಾನೇ ಕಿರಿಯವಳು. ಮೊದಲ ಕೂಸು ಹೊಟ್ಟೆಯಲ್ಲೇ ಹೋಯಿತು. ಮತ್ತೆ ಬಸುರಿಯಾದಾಗ ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಕಣ್ಣು ಕತ್ತಲಿಡುತ್ತಿತ್ತು. ಇದೂ ಉಳಿಯುವುದಿಲ್ಲವೇನೋ ಎಂಬ ಹೆದರಿಕೆಯನ್ನು ನಿಮ್ಮ ತಾತನಿಗೂ ಹೇಳಿರಲಿಲ್ಲ.

ಆ ದಿನಗಳಲ್ಲೇ ತುಮಕೂರಿನಿಂದ ಒಬ್ಬ ಡಾಕ್ಟರಮ್ಮ ಜೀಪಿನಲ್ಲಿ ನಮ್ಮೂರಿಗೆ ಬರತೊಡಗಿದರು. ರಕ್ತ ಕಡಿಮೆಯಿರುವ ಹೆಂಗಸರಿಗೆ ಎರಡು ಬಗೆಯ ಮಾತ್ರೆ ಕೊಟ್ಟು, ಯಾವುದು ಹೆಚ್ಚು ಒಗ್ಗುತ್ತದೆ ಎಂದು ಪರೀಕ್ಷೆ ಮಾಡುವ ಕೆಲಸ ಅವರದು. ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆದುಕೊಂಡು, ಒಬ್ಬೊಬ್ಬರಿಗೂ ಒಂದೊಂದು ಡಬ್ಬಿ ಕೊಟ್ಟರು. ನನಗೂ ದೊಡ್ಡ ಓರಗಿತ್ತಿಗೂ ಹಳದಿ ಮುಚ್ಚಳದ್ದು, ನಡುವಿನವಳಿಗೆ ಕೆಂಪು ಮುಚ್ಚಳದ್ದು. ಒಳಗಿನ ಮಾತ್ರೆಗಳು ನೋಡಲು ಒಂದೇ ಥರ. ಅವತ್ತು ನಮ್ಮೆಲ್ಲರ ಪರವಾಗಿ ‘ಹ್ಞೂಂ’ ಎಂದವರು ಅತ್ತೆ.

ಸೊಸೆಯರಲ್ಲಿ ಭೇದ ಮಾಡುತ್ತಾಳೆ ಎಂಬ ಮಾತು ನಮ್ಮ ಅತ್ತೆಯ ಮೇಲೆ ಬರುವಂತಿರಲಿಲ್ಲ. ಹಬ್ಬಕ್ಕೆ ಸೀರೆ ತಂದರೆ ಮೂರೂ ಒಂದೇ ಬಣ್ಣ. ಜೀಪು ತಿರುವು ದಾಟುತ್ತಲೇ ಅವರು ಮೂರೂ ಡಬ್ಬಿಗಳನ್ನು ದೊಡ್ಡ ಹಿತ್ತಾಳೆ ಡಬ್ಬಕ್ಕೆ ಸುರಿದು ಚೆನ್ನಾಗಿ ಕೈಯಾಡಿಸಿದರು. ದಿನಾ ಊಟವಾದ ಮೇಲೆ ನಾವು ಸಾಲಾಗಿ ಕೈಯೊಡ್ಡಬೇಕು.

ಡಾಕ್ಟರಮ್ಮ ಮತ್ತೆ ಬಂದಾಗ ಅತ್ತೆ ಆ ಡಬ್ಬವನ್ನೇ ಪಡಸಾಲೆಗೆ ತಂದಿಟ್ಟರು. “ನೋಡಿ ಡಾಕ್ಟ್ರಮ್ಮ, ಒಬ್ಳಿಗೊಂದು ಥರ ಇನ್ನೊಬ್ಳಿಗೊಂದು ಥರ ಮಾಡ್ಲಿಲ್ಲ ನಾನು. ಎಲ್ಲಾ ಬೆರೆಸಿ ಸಮವಾಗಿ ಹಂಚಿದೀನಿ.”

ಡಾಕ್ಟರಮ್ಮನ ಮುಖ ಸಣ್ಣಗಾಯಿತು. “ಅಯ್ಯೋ ಅಮ್ಮ, ಯಾರು ಯಾವುದು ನುಂಗಿದ್ರು ಅಂತ ಈಗ ಗೊತ್ತಾಗೋದು ಹೇಗೆ?”

“ಅದಕ್ಕೇನೀಗ? ಎರಡ್ರಲ್ಲಿ ಯಾವುದು ಒಳ್ಳೇದು ಅಂತ ಹೇಳ್ಬುಡಿ, ಅದನ್ನೇ ಎಲ್ರಿಗೂ ಹಾಕ್ತೀನಿ.”

“ನನಗೂ ಗೊತ್ತಿಲ್ಲಮ್ಮ. ಎರಡರಲ್ಲೂ ಔಷಧಿ ಇದೆ. ಯಾವುದು ಮೇಲು ಅಂತ ನಿಮ್ಮ ಸೊಸೇರ ರಕ್ತಾನೇ ಹೇಳ್ಬೇಕು.”

ಬಾಗಿಲ ಹಿಂದೆ ನಿಂತಿದ್ದ ನಾನು ಇನ್ನಷ್ಟು ಮುಂದೆ ಬಂದು ಕಿವಿಗೊಟ್ಟೆ. ಅಷ್ಟು ಓದಿದವರೊಬ್ಬರು ‘ಗೊತ್ತಿಲ್ಲ’ ಎನ್ನುವುದನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಗೊತ್ತಿಲ್ಲದ್ದು ನನ್ನಲ್ಲಿದೆಯಂತೆ, ಈ ಬಡಕಲು ಬೆರಳಲ್ಲಿ!

ಅತ್ತೆ ಮಾತ್ರ ರೇಗಿದರು. “ಗೊತ್ತಿಲ್ದೇ ಇರೋದ್ನ ನಮ್ ಹೆಣ್ಮಕ್ಳ ಹೊಟ್ಟೆಗೆ ಹಾಕ್ತೀರಾ? ಬ್ಯಾಡ ಬುಡಿ, ನೀವೇ ತಗಂಡೋಗಿ!” ಡಬ್ಬವನ್ನು ಮುಂದಕ್ಕೆ ತಳ್ಳಿದರು. ಇನ್ನು ಜೀಪು ನಮ್ಮ ಮನೆ ಮುಂದೆ ನಿಲ್ಲುವುದಿಲ್ಲ ಎಂದುಕೊಂಡು ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ.

ಡಾಕ್ಟರಮ್ಮ ಏಳಲಿಲ್ಲ. ಚಾಪೆಯಿಂದ ಸರಿದು ಅತ್ತೆಯ ಪಕ್ಕದಲ್ಲೇ ನೆಲಕ್ಕೆ ಕೂತರು. “ಒಂದೇ ಮನೇಲಿ ಎರಡು ಥರ ಕೊಟ್ಟಿದ್ದು ನನ್ನ ತಪ್ಪು. ನಿಮ್ಮನ್ನ ಮೊದಲೇ ಕೇಳ್ಬೇಕಿತ್ತು. ಹೊಸದಾಗಿ ಶುರು ಮಾಡೋಣ, ಒಂದು ಮನೆಗೆ ಒಂದೇ ಥರ.” ಆಮೇಲೆ ಬಾಗಿಲ ಕಡೆ ತಿರುಗಿದರು. “ಬಾಮ್ಮ ಇಲ್ಲಿ. ನೀನು ಬೇಡ ಅಂದ್ರೂ ನಾನು ಬಂದು ನೋಡೋದು ನಿಲ್ಲಲ್ಲ. ರಕ್ತಕ್ಕೆ ಮಾತ್ರೇನ ಗುಬ್ಬಿ ಆಸ್ಪತ್ರೆಯಿಂದ ಕೊಡಿಸ್ತೀನಿ. ಈ ಪರೀಕ್ಷೇಲಿ ಇರೋದು, ಬಿಡೋದು ನಿನ್ನಿಷ್ಟ. ಏನಂತೀಯಾ?”

ಸ್ಕೂಲು ಬಿಡಿಸಿದಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಮದುವೆಗೂ ಕೇಳಿರಲಿಲ್ಲ. ಒಂದು ತೊಟ್ಟು ರಕ್ತಕ್ಕೆ ಇವರು ಕೇಳಿ, ಉತ್ತರಕ್ಕಾಗಿ ಕಾಯುತ್ತಾ ಕೂತಿದ್ದರು.

“ಇರ್ತೀನಿ,” ಎಂದೆ.

ಅತ್ತೆ ಸರಕ್ಕನೆ ತಿರುಗಿದರು. “ಅಲ್ಲಾ ಕಣೇ, ನಿಂಗೂ ಬಾಯೈತಾ?”

ದೊಡ್ಡ ಓರಗಿತ್ತಿ ಸೆರಗು ಕಚ್ಚಿ ನಕ್ಕಳು. ಅತ್ತೆ ಡಬ್ಬವನ್ನು ಪಕ್ಕಕ್ಕೆ ಸರಿಸಿ ತಾವೇ ಬೆರಳು ಚಾಚಿದರು. “ಇವಳ ರಕ್ತ ಏನೋ ಹೇಳ್ತದಂತಲ್ಲ, ನಂದೂ ಏನ್ ಹೇಳ್ತದೋ ನೋಡ್ರವ್ವ.”

“ನಿಮ್ಮ ವಯಸ್ಸಿನೋರು ಇದಕ್ಕೆ ಸೇರಲ್ಲಮ್ಮ.”

“ಯಾಕೆ, ನಂದೇನು ನೀರಾ? ಚುಚ್ಚಿ ಚುಚ್ಚಿ.”

ಚುಚ್ಚಿಸಿಕೊಂಡು ‘ಅಪ್ಪಾ!’ ಎಂದು ಕೂಗಿದರು. ಅಲ್ಲಿಂದಾಚೆ ಬೀದಿಯ ಹೆಂಗಸರನ್ನೆಲ್ಲ ಅವರೇ ಜೀಪಿನ ಹತ್ತಿರ ಕರೆತರುವ ಯಜಮಾನಿಯಾದರು.

ನಾನು ಮೆಲ್ಲಗೆ ಚೇತರಿಸಿಕೊಂಡೆ. ತಿಂಗಳು ತುಂಬಿ ನಿಮ್ಮ ದೊಡ್ಡಪ್ಪ ಹುಟ್ಟಿದ, ಮನೆಯೆಲ್ಲ ಕೇಳುವಂತೆ ಅತ್ತ. ಡಾಕ್ಟರಮ್ಮ ನೋಡಲು ಬಂದರು. ಕೂಸಿನ ಕಡೆ ಚಾಚಿದ ಕೈಯನ್ನು ಹಾಗೇ ನಿಲ್ಲಿಸಿ, ನನ್ನ ಮುಖ ನೋಡಿ ಕೇಳಿದರು, “ಎತ್ಕೊಳ್ಲಾ?”