‘ಬೇಡ’ ಅನ್ನಲೂ ಜಾಗ ಬೇಕು

“ಅದನ್ನ ಹೇಳೋಕಾಗಲ್ಲ ಆಂಟಿ.”

ಕೇಳಿದ್ದೀರಾ ಇಂಥ ಮಾತು? ನಮ್ಮ ಜಗಲಿಯಲ್ಲಿ ಕೂತು, ನಮ್ಮದೇ ತೋಟದ ಕಾಫಿ ಕುಡಿಯುತ್ತಾ, ನಮ್ಮ ತೋಟದ ಹೆಂಗಸರು ಏನು ಹೇಳಿದರೆಂದು ಕೇಳಿದರೆ ನಮಗೇ ಹೇಳುವುದಿಲ್ಲವಂತೆ! ಹೇಳುವಾಗ ಹುಡುಗಿಯ ಮುಖದಲ್ಲಿ ಸಿಟ್ಟಿಲ್ಲ, ಹೆದರಿಕೆಯೂ ಇಲ್ಲ. (ತಟ್ಟೆಯಲ್ಲಿದ್ದ ಕೋಡುಬಳೆಯನ್ನು ಮಾತ್ರ ಬೇಡ ಅನ್ನಲಿಲ್ಲ.)

ಅವಳ ಹೆಸರು ಶಬಾನಾ ಅಂತಿಟ್ಟುಕೊಳ್ಳಿ. ಕೊಟ್ಟಿಗೆಹಾರದಲ್ಲಿ ಟೈಲರ್ ಅಂಗಡಿ ಇಟ್ಟಿರುವ ನಸೀಮಾ ಅವರ ಮಗಳು. ನಸೀಮಾ ಅಂದರೆ ಪ್ರತಿ ವರ್ಷವೂ ನನ್ನ ಬ್ಲೌಸಿನ ಅಳತೆ ತೆಗೆದು, “ಒಂಚೂರು ಸಡಿಲ ಬಿಡ್ತೀನಿ ಅಮ್ಮ” ಎಂದಷ್ಟೇ ಹೇಳಿ ನನ್ನ ಮಾನ ಉಳಿಸುವ ಪುಣ್ಯಾತ್ಗಿತ್ತಿ. ಮಗಳು ಚಿಕ್ಕಮಗಳೂರಿನಲ್ಲಿ ಎಂ.ಎಸ್.ಡಬ್ಲ್ಯು. ಕೊನೆಯ ವರ್ಷದಲ್ಲಿದ್ದಾಳೆ. ಸಮಾಜಕಾರ್ಯದ ಓದು. ಕಾಫಿ ತೋಟದ ಹೆಂಗಸರ ಆರೋಗ್ಯದ ಮೇಲೆ ಅವಳೊಂದು ಪ್ರಬಂಧ ಬರೆದು ಕೊಡಬೇಕಿತ್ತು. ಕೊಟ್ಟರೆ ಡಿಗ್ರಿ. ಡಿಗ್ರಿ ಬಂದರೆ ಕೆಲಸ, ಒಂದು ಸಂಸ್ಥೆಯವರು ಬಂದು ಸೇರು ಎಂದು ಆಗಲೇ ಹೇಳಿಯೂ ಇದ್ದರು. ಟೈಮಿಗೆ ಕೊಡದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಅವಳು ಕಾಯಬಹುದು, ಕೆಲಸ ಕಾಯುತ್ತದಾ?

ಜಾವಳಿ ಕಡೆಯ ನಮ್ಮ ತೋಟಕ್ಕೆ ಅವಳು ಬಂದದ್ದು ಅರೇಬಿಕಾ ಹಣ್ಣು ಕುಯ್ಯುವ ಹೊತ್ತಿಗೆ. ಹೆಂಗಸರ ಹತ್ತಿರ ಮಾತಾಡಬಹುದೇ ಎಂದು ಪರ್ಮಿಷನ್ ಕೇಳಿದಳು.

“ಎಂತ ಮಾರಾಯ್ತಿ, ಅದಕ್ಕೆಲ್ಲ ಕೇಳ್ಬೇಕಾ? ನಿಮ್ಮನೆ ತೋಟ ಅಂತ್ಲೇ ತಿಳ್ಕೋ” ಅಂದರು ನಮ್ಮವರು.

ಅಷ್ಟು ಸಾಕಿತ್ತು ನನಗೆ. ಉಪಕಾರ ಮಾಡಲು ಹೊರಟ ನನ್ನನ್ನು ತಡೆಯುವವರು ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಮಧ್ಯಾಹ್ನದ ಊಟ ಆದ ಕೂಡಲೇ ಎಲ್ಲ ಹೆಂಗಸರನ್ನೂ ಕಾಫಿ ಒಣಗಿಸುವ ಕಣಕ್ಕೆ ಕಳಿಸಲು ಮೇಸ್ತ್ರಿಗೆ ಹೇಳಿದೆ. ಒಂದು ಬದಿಯ ಕಾಫಿ ಸರಿಸಿ ಚಾಪೆ ಹಾಕಿಸಿದೆ. ಶಬಾನಾಳಿಗೆ ಟೇಬಲ್, ಕುರ್ಚಿ. ಎಲ್ಲರಿಗೂ ಬನ್ನು, ಕಾಫಿ. ಮೇಸ್ತ್ರಿ ಪಕ್ಕದಲ್ಲೇ ನಿಂತು ಹಾಜರಿ ಕೂಗುವ ಗಂಟಲಲ್ಲಿ ಒಬ್ಬೊಬ್ಬರ ಹೆಸರು ಕರೆದ. ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೊದಲನೆಯವಳು ಬಂದು ಎದುರಿಗೆ ಕೂತಾಗಿತ್ತು.

“ಸೊಂಟ ನೋವು ಬರುತ್ತಾ ಅಕ್ಕ?”

“ಇಲ್ಲ.”

“ಕೆಲಸದ ಹೊತ್ತಲ್ಲಿ ಏನಾದ್ರೂ ತೊಂದ್ರೆ?”

“ಎಂತದೂ ಇಲ್ಲ. ಅಮ್ಮ ಚೆನ್ನಾಗಿ ನೋಡ್ಕೋತಾರೆ.”

ಎರಡನೆಯವಳದೂ ಅದೇ ಉತ್ತರ, ಆಮೇಲಿನವಳದೂ ಅದೇ. ಹಾಗೆ ಚೆನ್ನಾಗಿ ನೋಡಿಕೊಳ್ಳುವ ಅಮ್ಮ ಕಣದ ಇನ್ನೊಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನನಗಂತೂ ಹೊಟ್ಟೆ ತುಂಬಿ ಹೋಯಿತು. ಸುಮ್ಮನಿರಲಾರದೆ ನಾನೂ ಒಂದು ಪಾಯಿಂಟ್ ಕೊಟ್ಟೆ. “ನಮ್ಮ ಹೆಂಗಸ್ರು ನೀರು ಕುಡಿಯೋಕೂ ನಿಲ್ಲಲ್ಲ ಕಣೆ, ಅಷ್ಟು ನಿಯತ್ತು. ಅದನ್ನೂ ಬರ್ಕೋ.”

ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಬರೆದುಕೊಳ್ಳಲಿಲ್ಲ.

ಸಂಜೆ ಹೊರಡುವ ಹೊತ್ತಿಗೆ “ನೋಡಿದ್ಯಾ, ಒಂದೇ ದಿನಕ್ಕೆ ಮುಗಿಸಿಕೊಟ್ಟೆ” ಅಂದೆ. ಅವಳ ಮುಖ ಸಪ್ಪಗಿತ್ತು.

“ಆಂಟಿ, ಬೇಜಾರ್ ಮಾಡ್ಕೋಬೇಡಿ. ಇದ್ಯಾವುದನ್ನೂ ನಾನು ಬಳಸೋ ಹಾಗಿಲ್ಲ.”

“ಯಾಕೆ? ಏನು ಕಮ್ಮಿಯಾಯ್ತು?”

“ಅವ್ರು ಒಪ್ಪಿ ಬಂದಿಲ್ಲ. ನೀವು ಕರೆಸಿದ್ರಿ, ಬಂದ್ರು.”

“ಬೇಡ ಅಂತ ಯಾರಂದ್ರು?”

“ಅದೇ ಆಂಟಿ. ಒಬ್ರೂ ಅನ್ಲಿಲ್ಲ.”

ಇದೆಂಥ ತಲೆಹರಟೆ! ಹೂಂ ಅಂದದ್ದೇ ತಪ್ಪಾ? ನಮ್ಮವರು ಒಳಗಿನಿಂದಲೇ ಸಲಹೆ ಕೊಟ್ಟರು. “ಇದನ್ನೇ ಬರ್ದು ಕೊಟ್ಟು ಕೈ ತೊಳ್ಕೋ ಮಾರಾಯ್ತಿ. ಕಾಲೇಜಲ್ಲಿ ಯಾರು ಬಂದು ನೋಡ್ತಾರೆ?” ಅವರ ಮಾತಿನಲ್ಲಿ ಸುಳ್ಳಿಲ್ಲ. ಯಾರೂ ಬಂದು ನೋಡುವುದಿಲ್ಲ. ಅಷ್ಟೂ ಉತ್ತರ ಅವಳ ಚೀಲದಲ್ಲಿತ್ತು, ಪ್ರಬಂಧಕ್ಕೆ ಇಳಿಸಿದ್ದರೆ ಡಿಗ್ರಿ, ಕೆಲಸ ಎರಡೂ ಕೈಗೆ ಬರುತ್ತಿತ್ತು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಬಂದಿಳಿದಳು. ಕೆಲಸಕ್ಕೆ ಬಂದ ಹೆಂಗಸರು ಕಣದ ಅಂಚಿನಲ್ಲಿ ಬೆಂಕಿ ಹಾಕಿಕೊಂಡು ಚಳಿ ಕಾಯಿಸುತ್ತಿದ್ದರು. ಅವರ ಮಧ್ಯೆ ಹೋಗಿ ನಿಂತು ಹೇಳಿದಳು.

“ಅಕ್ಕಂದಿರೇ, ನಿನ್ನೆ ನಿಮ್ಮನ್ನ ಕೇಳ್ದೇ ಕೂರಿಸಿದ್ದು ನನ್ನ ತಪ್ಪು. ನೀವು ಹೇಳಿದ್ದು ನನ್ನ ಹತ್ರ ಇರೋದು ಬೇಡ. ಭಾನುವಾರ ಪೂರ್ತಿ ನಾನು ಅಮ್ಮನ ಅಂಗಡೀಲಿ ಇರ್ತೀನಿ. ಮಾತಾಡೋಣ ಅನ್ಸಿದ್ರೆ ಬನ್ನಿ. ಅನ್ಸದಿದ್ರೆ ಬೇಡ. ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ನಾನು ಇಲ್ಲಿ ಯಾರಿಗೂ ಹೇಳಲ್ಲ.”

‘ಇಲ್ಲಿ ಯಾರಿಗೂ’ ಎನ್ನುವಾಗ ನನ್ನ ಕಡೆ ನೋಡದಿರಲು ಪಾಪ ಬಹಳ ಕಷ್ಟಪಟ್ಟಳು. ಆಮೇಲೆ ಹಿಂದಿನ ದಿನದ ಹಾಳೆಗಳನ್ನೆಲ್ಲ ಅದೇ ಬೆಂಕಿಗೆ ಹಾಕಿಬಿಟ್ಟಳು!

“ಅಯ್ಯಯ್ಯೋ, ಅಷ್ಟು ಕೂತು ಬರ್ದಿದ್ದು!” ಅಂದಳು ಗಿರಿಜಾ. ನಮ್ಮ ತೋಟದಲ್ಲಿ ಬಹಳ ವರ್ಷದಿಂದ ಕೆಲಸ ಮಾಡುವವಳು. ಯಾವ ಕೆಲಸಕ್ಕೆ ಕರೆದರೂ ‘ಹೂಂ ಅಮ್ಮ’. ಹಬ್ಬವಿರಲಿ, ಜ್ವರವಿರಲಿ, ‘ಹೂಂ ಅಮ್ಮ’. (ಗಿರಿಜಾ ಅವಳ ನಿಜವಾದ ಹೆಸರಲ್ಲ. ಈ ಬರಹಕ್ಕೆ ಅವಳೇ ಆರಿಸಿಕೊಟ್ಟದ್ದು. ಚಿಕ್ಕಂದಿನಲ್ಲಿ ಜೊತೆಗೆ ಓದುತ್ತಿದ್ದ ಒಬ್ಬಳು ಚಂದದ ಹುಡುಗಿಯ ಹೆಸರಂತೆ.)

ನನಗೆ ಸಿಟ್ಟು ಬಂತು, ಮುಚ್ಚಿಡುವುದೇನು? ನನ್ನ ಬನ್ನು, ನನ್ನ ಚಾಪೆ, ನನ್ನ ಅರ್ಧ ದಿನದ ಕೂಲಿ, ಎಲ್ಲ ಹೊಗೆಯಾಗಿ ಹೋಯಿತಲ್ಲ ಎಂದು ಇಡೀ ವಾರ ಗೊಣಗಿದೆ.

ಆ ಭಾನುವಾರ ನಾನು ಕೊಟ್ಟಿಗೆಹಾರಕ್ಕೆ ಹೋದದ್ದು ಬ್ಲೌಸ್ ತರಲು. ನಂಬಿ, ಬ್ಲೌಸಿಗೇ. ಶಬಾನಾ ಎಲ್ಲೋ ಹೊರಗೆ ಹೋಗಿದ್ದಳು, ನಸೀಮಾ ಹಾಕಿ ನೋಡಿ ಎಂದರು. ಒಳಗೆ ಪರದೆಯ ಹಿಂದೆ ನಾನು ಹುಕ್ಕುಗಳ ಜೊತೆ ಗುದ್ದಾಡುತ್ತಿದ್ದಾಗ ಹೊರಗೆ ಶಬಾನಾಳ ದನಿ ಕೇಳಿಸಿತು.

“ಗಿರಿಜಕ್ಕ, ನಿಮ್ಮ ಆರೋಗ್ಯದ ಬಗ್ಗೆ ಸ್ವಲ್ಪ ಕೇಳ್ಲಾ? ಹೆಸರು ಎಲ್ಲೂ ಬರಲ್ಲ. ಮಧ್ಯದಲ್ಲಿ ಸಾಕು ಅನ್ಸಿದ್ರೆ ಎದ್ದು ಹೋಗ್ಬಹುದು. ಮಾತಾಡೋದೇ ಬೇಡ ಅಂದ್ರೂ ಸರಿ.”

ಆಮೇಲೆ ಗಿರಿಜಾಳ ದನಿ, ಬಹಳ ಮೆಲ್ಲಗೆ.

“ಬೇಡ.”

“ಆಯ್ತಕ್ಕ. ಥ್ಯಾಂಕ್ಸ್.”

“ಅಷ್ಟೇನಾ?”

“ಅಷ್ಟೇ ಅಕ್ಕ.”

“ಬೇಡ ಅಂದಿದ್ದಕ್ಕೂ ಥ್ಯಾಂಕ್ಸಾ?”

“ಹೂಂ ಮತ್ತೆ. ನಿಮ್ಮ ಮನಸ್ಸಲ್ಲಿರೋದು ಹೇಳಿದ್ರಲ್ಲ.”

ಪರದೆಯ ಹಿಂದೆ ನನ್ನ ಕೈ ಹುಕ್ಕಿನ ಮೇಲೇ ನಿಂತಿತ್ತು. ಗಿರಿಜಾಳ ಬಾಯಲ್ಲಿ ಆ ಶಬ್ದವನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಅವಳ ಹತ್ತಿರ ಅಂಥದ್ದೊಂದು ಶಬ್ದ ಇದೆಯೆಂದೂ ನನಗೆ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ಹೊರಗೆ ಬಂದೆ. ನನ್ನನ್ನು ನೋಡಿ ಶಬಾನಾ ಬೆಚ್ಚಿಬಿದ್ದಳು. “ಅಯ್ಯೋ, ನೀವಿಲ್ಲಿದ್ರಾ ಆಂಟಿ? ದಯವಿಟ್ಟು ಇವತ್ತು ಇಲ್ಲಿರ್ಬೇಡಿ. ನೀವಿದ್ರೆ ಯಾರೂ ಬಾಯಿ ಬಿಡಲ್ಲ.” ನಸೀಮಾ ಮಗಳ ತೋಳಿಗೆ ಚಿವುಟಿ, “ಅಮ್ಮ ತಪ್ಪು ತಿಳ್ಕೋಬೇಡಿ” ಎಂದು ಕಣ್ಣಲ್ಲೇ ಕೈ ಮುಗಿದರು. ನನ್ನ ಬ್ಲೌಸಿಗೆ ನಾನೇ ದುಡ್ಡು ಕೊಟ್ಟು ಅಂಗಡಿಯಿಂದ ಹೊರಗೆ ಹಾಕಿಸಿಕೊಂಡೆ.

ಎದುರಿನ ಹೋಟೆಲಿನಲ್ಲಿ ನೀರುದೋಸೆಗೆ ಹೇಳಿ ಕಿಟಕಿ ಪಕ್ಕ ಕೂತೆ. (ಅಲ್ಲಿಂದ ಅಂಗಡಿ ಚೆನ್ನಾಗಿ ಕಾಣುತ್ತದೆ. ಹೌದು, ಅದಕ್ಕೇ ಅಲ್ಲಿ ಕೂತದ್ದು.) ಗಿರಿಜಾ ಒಣಮೀನಿನ ಚೀಲ ಹಿಡಿದು ಬಸ್ಸಿಗೆ ನಿಂತಿದ್ದಳು. ಏನೋ ನೆನಪಾದವಳ ಹಾಗೆ ಒಬ್ಬಳೇ ನಗುತ್ತಿದ್ದಳು. ಬಸ್ಸು ಬಂತು. ಹತ್ತಲಿಲ್ಲ. ಸರಸರನೆ ರಸ್ತೆ ದಾಟಿ ಮತ್ತೆ ಅಂಗಡಿಗೇ ಹೋದಳು, ಶಬಾನಾಳ ಎದುರಿನ ಬೆಂಚಿನ ಮೇಲೆ ಕೂತಳು, ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡಳು.

ಶಬಾನಾ ಎದ್ದು ಬಾಗಿಲಿನ ಪರದೆ ಎಳೆದಳು. ನಾನು ಎರಡನೇ ಸಲ ದೋಸೆ ಹಾಕಿಸಿಕೊಂಡರೂ, ಇನ್ನೊಂದು ಬಸ್ಸು ಬಂದು ಹೋದರೂ ಆ ಪರದೆ ಸರಿಯಲಿಲ್ಲ. ಅಷ್ಟು ಹೊತ್ತು ಹೇಳುವಂಥದ್ದು ಗಿರಿಜಾಳ ಹತ್ತಿರ ಏನಿತ್ತು? ಕಣದಲ್ಲಿ ‘ಎಂತದೂ ಇಲ್ಲ’ ಅಂದವಳಲ್ಲವೇ? ಕೊನೆಗೆ ಹೊರಗೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಆದರೂ ಮುಖ ಹಗುರವಾಗಿತ್ತು. ಆಮೇಲಿನ ಭಾನುವಾರಗಳಲ್ಲಿ ನಮ್ಮ ತೋಟದ ಉಳಿದ ಹೆಂಗಸರೂ ಹೋದರಂತೆ. ಯಾರು ಯಾರು ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ.

ಈಗ ಜಗಲಿಗೆ ಬರೋಣ. ಪ್ರಬಂಧ ಬರೆದು ಮುಗಿದಿತ್ತು. ಅದರ ಜೊತೆ ಇಡಲು ತೋಟದ ಮಾಲೀಕರ ಒಪ್ಪಿಗೆ ಪತ್ರ ಬೇಕು ಎಂದು ಕಾಲೇಜಿನವರು ಹೇಳಿದ್ದರಂತೆ, ಅದಕ್ಕೆ ಸಹಿ ಹಾಕಿಸಲು ಶಬಾನಾ ಬಂದಿದ್ದಳು. ಮರುದಿನವೇ ಕೊನೆಯ ದಿನ. ನಮ್ಮವರು ಕನ್ನಡಕ ಏರಿಸಿ ಪೆನ್ನು ತೆಗೆದರು. ನಾನು ಕೋಡುಬಳೆಯ ತಟ್ಟೆ ಮುಂದಿಟ್ಟು, ಬಹಳ ಸಹಜವಾಗಿ ಕೇಳಿದೆ. “ಹೌದು, ನಮ್ಮ ಗಿರಿಜಾ ಎಂತ ಹೇಳಿದ್ಲು?”

ಆಗ ಬಂತು ಆ ಮಾತು. “ಅದನ್ನ ಹೇಳೋಕಾಗಲ್ಲ ಆಂಟಿ.”

“ನಾವೇನು ಹೊರಗಿನೋರಾ?” ನಮ್ಮವರು ನಗುತ್ತಲೇ ಪೆನ್ನಿನ ಮುಚ್ಚಳ ಹಾಕಿದರು. “ಹೇಳಿದ್ರೆ ಸಹಿ. ಇಲ್ದಿದ್ರೆ ಇಲ್ಲ.”

ತಮಾಷೆಯೇ. ಆದರೆ ಪೂರ್ತಿ ತಮಾಷೆಯಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಹುಡುಗಿಗಂತೂ ಚೆನ್ನಾಗಿಯೇ ಗೊತ್ತಾಯಿತು. ಲೋಟ ಕೆಳಗಿಟ್ಟಳು. ಪತ್ರವನ್ನು ತೆಗೆದುಕೊಂಡು ಮಡಚಿ ಚೀಲಕ್ಕೆ ಹಾಕಿದಳು.

“ಹಾಗಾದ್ರೆ ಬೇಡ ಅಂಕಲ್. ಥ್ಯಾಂಕ್ಸ್.”

ಚಪ್ಪಲಿ ಮೆಟ್ಟಿ ಗೇಟಿನ ಕಡೆ ನಡೆದೇಬಿಟ್ಟಳು! ಯಾವ ನಾಟಕವೂ ಇಲ್ಲ. ಹಿಂದೆ ತಿರುಗಿ ನೋಡಲೂ ಇಲ್ಲ. ಒಂದು ವರ್ಷದ ಓದು ಹೋಗುತ್ತಿದೆ, ಕೈಗೆ ಬಂದ ಕೆಲಸ ಹೋಗುತ್ತಿದೆ. ಯಾತಕ್ಕಾಗಿ? ಒಣಮೀನಿನ ಚೀಲ ಕಾಲ ಹತ್ತಿರ ಇಟ್ಟುಕೊಂಡು ಒಬ್ಬಳು ಹೆಂಗಸು ನಂಬಿ ಹೇಳಿದ ಮಾತಿಗಾಗಿ. ಅಂಥ ಗಟ್ಟಿತನ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದರೆ ಎಂದು ಆಸೆಯಾಯಿತು.

“ನೋಡ್ತಾ ಕೂತ್ಕೊಂಡ್ರಲ್ಲ, ಹೋಗ್ರೀ!” ಎಂದೆ. ಹೇಳಬೇಕಾಗಿರಲಿಲ್ಲ. ನಮ್ಮವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಆಗಲೇ ಅಂಗಳಕ್ಕೆ ಇಳಿದಿದ್ದರು. “ಏ ನಿಲ್ಲು ಮಾರಾಯ್ತಿ! ತಪ್ಪಾಯ್ತು, ಕೊಡು ಇಲ್ಲಿ!” ಗೇಟಿನ ಕಂಬಕ್ಕೆ ಪತ್ರ ಒತ್ತಿ ಹಿಡಿದು ಸಹಿ ಹಾಕಿದರು. ಸಹಿ ಸೊಟ್ಟಗೆ ಬಂದಿದೆ. ಬ್ಯಾಂಕಿನವರು ನೋಡಿದ್ದರೆ ವಾಪಸ್ ಕಳಿಸುತ್ತಿದ್ದರು.

ಶಬಾನಾ ಪತ್ರ ಇಸಿದುಕೊಂಡು, ಹಿಂದೆಯೇ ಗೇಟಿಗೆ ಬಂದಿದ್ದ ನನ್ನ ಕಡೆ ತಿರುಗಿದಳು. “ಆಂಟಿ, ಒಂದು ಮಾತು ಮಾತ್ರ ಹೇಳಬಹುದು. ಇದು ಯಾರೋ ಒಬ್ರದ್ದಲ್ಲ. ನಿಮ್ಗೆ ತಿಳಿಸು ಅಂತ ಮಾತಾಡಿದೋರೆಲ್ಲ ಸೇರಿ ಹೇಳಿದ್ದು. ಮೇಲಿನ ತೋಟದಲ್ಲಿ ಒಂದು ಟಾಯ್ಲೆಟ್ ಬೇಕಂತೆ. ಬೆಳಗ್ಗೆ ಬಂದ್ರೆ ಸಂಜೆವರೆಗೂ ಎಲ್ಲೂ ಹೋಗೋ ಹಾಗಿಲ್ಲ. ಅದಕ್ಕೇ ಅವರು ನೀರೇ ಕುಡಿಯಲ್ಲ.”

ನೀರು ಕುಡಿಯಲೂ ನಿಲ್ಲದ ನಿಯತ್ತು! ನಾನೇ ಕೂಗಿ ಹೇಳಿ ಬರೆಸಹೊರಟಿದ್ದೆನಲ್ಲ! ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ. ನಾನೂ ಹೆಂಗಸೇ. ಆ ಮೇಲಿನ ತೋಟಕ್ಕೆ ಹೋದಾಗಲೆಲ್ಲ ಬೇಗ ಮನೆಗೆ ಬಂದುಬಿಡುವವಳು. ಯಾಕೆ ಬರುತ್ತೇನೆ ಎಂದು ಒಂದು ಸಲವಾದರೂ ಯೋಚಿಸಿದ್ದೆನೇ?

ಸಂಶೋಧನೆ ಅಂದರೆ ಒಳ್ಳೆಯ ಪ್ರಶ್ನೆ ಕೇಳುವುದು ಅಂದುಕೊಂಡಿದ್ದೆ. ಯಾರು ಪಕ್ಕದಲ್ಲಿ ಕೂತಿದ್ದಾಗ ಕೇಳುತ್ತೀರಿ, ಉತ್ತರ ಕೊಡದಿದ್ದರೆ ಏನಾಗುತ್ತದೆ, ಕೊಟ್ಟ ಉತ್ತರ ಎಲ್ಲಿಗೆ ಹೋಗುತ್ತದೆ, ಇದೆಲ್ಲ ಅದಕ್ಕಿಂತ ಮುಂಚಿನ ಪಾಠವಂತೆ. ನಾವೋ? ಮೊಬೈಲಿನಲ್ಲಿ ಏನು ಬಂದರೂ ಓದದೆ ‘ಒಪ್ಪಿದೆ’ ಒತ್ತುತ್ತೇವೆ. ಕಂಬಳಿ ಹಂಚಿದರೆ ತೆಗೆದುಕೊಂಡವರನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಯುತ್ತೇವೆ. ಫೋಟೋ ಬೇಡ ಅಂದವರಿಗೂ ಕಂಬಳಿ ಸಿಗುತ್ತದೆಯೇ? ಶಬಾನಾಳಂಥವರು ಇಂಥ ಪ್ರಶ್ನೆ ಕೇಳುವ ಕೆಲಸಕ್ಕೆ ಹೋಗುತ್ತಿದ್ದಾರೆ ಎಂದರೆ ನನಗೆ ಈ ನಾಡಿನ ಬಗ್ಗೆ ಸ್ವಲ್ಪ ಧೈರ್ಯ ಬರುತ್ತದೆ. ಅವಳು ಪಾಸಾದಳು, ಕೆಲಸಕ್ಕೂ ಸೇರಿದಳು. ಮೇಲಿನ ತೋಟದಲ್ಲಿ ಟಾಯ್ಲೆಟ್ ಆಗಿದೆ. ಪಕ್ಕದಲ್ಲೇ ಕುಡಿಯುವ ನೀರಿನ ಡ್ರಮ್ಮೂ ಇದೆ.

ಇಷ್ಟೆಲ್ಲ ಕಲಿತೆ ಎಂದು ಬೀಗುತ್ತಿದ್ದೆನಲ್ಲ, ಮೊನ್ನೆ ಪರೀಕ್ಷೆಯೂ ಆಯಿತು. ರೋಬಸ್ಟಾ ಹಣ್ಣು ಉದುರುತ್ತಿತ್ತು, ಜನ ಇರಲಿಲ್ಲ. ಶನಿವಾರ ಸಂಜೆ ಗಿರಿಜಾಳನ್ನು ಕರೆದು, “ನಾಳೆ ಭಾನುವಾರ ಒಂದಿನ ಬಂದ್ಬಿಡೇ” ಅಂದೆ. ಬರುತ್ತೀಯಾ ಎಂದು ಕೇಳಲಿಲ್ಲ. ಗಮನಿಸಿದಿರಿ ತಾನೇ?

“ಬೇಡ ಅಮ್ಮ” ಅಂದಳು ಗಿರಿಜಾ.

ಕಾರಣ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಸರಿ, ಹೊರಡುತ್ತಾಳೆಂದು ಕಾದೆ. ಹೊರಡಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಾ, ತುಟಿಯ ಅಂಚಿನಲ್ಲಿ ನಗು ಇಟ್ಟುಕೊಂಡು, ಥ್ಯಾಂಕ್ಸ್‌ಗಾಗಿ ಕಾಯುತ್ತಾ ನಿಂತಿದ್ದಳು.

ಹೇಳಿದೆ ಮಾರಾಯ್ರೇ, ಇನ್ನೇನು ಮಾಡಲಿ?