ಮೂಕಪ್ಪನ ಬೆಳಗಿನ ವರದಿ

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದ ಮೂಕಪ್ಪನಿಗೆ ಆ ಹೆಸರು ಬಂದದ್ದು ತಾತನಿಂದ. ಮಾತು ತೊದಲುತ್ತದೆ ಎಂಬುದು ಗೊತ್ತಾದದ್ದು ಆಮೇಲೆ. ಶಾಲೆಯಲ್ಲಿ ಹಾಜರಿ ಕೂಗಿದಾಗ ಅವನು ಬಾಯಿ ಬಿಟ್ಟು ಉತ್ತರ ಹೊರಡಿಸುವಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಎದುರಿಗೇ ಕೂತಿದ್ದರೂ ಅವನಿಗೆ ಎಷ್ಟೋ ಸಲ ಗೈರುಹಾಜರಿ ಬಿದ್ದಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ ಪೊಲೀಸ್ ಇಲಾಖೆಗೆ ಸೇರಿದ ಮೇಲೆ ಅವನನ್ನು ವೈರ್‌ಲೆಸ್ ವಿಭಾಗಕ್ಕೆ ಹಾಕಿದರು. ಆಗ ಸುದ್ದಿ ಹೋಗುತ್ತಿದ್ದುದು ಮೋರ್ಸ್ ಕೀಲಿಯ ಮೇಲೆ. ಗಿಡ್ಡ ಸದ್ದು, ಉದ್ದ ಸದ್ದು, ಅವೆರಡರಲ್ಲೇ ಎಲ್ಲ ಅಕ್ಷರಗಳೂ. ಬಾಯಿಗೆ ಕೆಲಸವಿಲ್ಲ, ಬೆರಳಿಗಷ್ಟೇ. ತರಬೇತಿಯಲ್ಲಿ ಅವನ ಬೆರಳು ಎಲ್ಲರಿಗಿಂತ ಮುಂದೆ ಓಡಿತು. ತನಗೂ ಹೀಗೆ ತಡೆಯಿಲ್ಲದೆ ಹೇಳಲು ಬರುತ್ತದೆ ಎಂಬುದು ಅವನಿಗೆ ಗೊತ್ತಾದದ್ದು ಅಲ್ಲಿ.

ಎಪ್ಪತ್ತರ ದಶಕದ ನಡುವೆ ಅವನು, ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ ಸೀಮೆಯ ಒಂದು ಠಾಣೆಗೆ ಬಂದ. ಹೆಂಡತಿ ಹೊನ್ನೂರಮ್ಮನ ಜೊತೆ ಹೊಳೆಯ ದಾರಿಯಲ್ಲಿ ಬಾಡಿಗೆ ಮನೆ ಹಿಡಿದ. ಹಿಂದಿನ ದಿನ ಠಾಣೆಗೆ ಬಂದದ್ದನ್ನೆಲ್ಲ ಬೆಳಿಗ್ಗೆ ಶಿವಮೊಗ್ಗದ ಕಂಟ್ರೋಲ್ ರೂಮಿಗೆ ಕಳಿಸುವುದು ಅವನ ಕೆಲಸ. ಬದುವಿನ ಜಗಳ, ಕಳುವಾದ ಎಮ್ಮೆ, ಊರಲ್ಲಿ ಕಂಡ ಅಪರಿಚಿತ, ಹೀಗೆ ದೊಡ್ಡದು ಚಿಕ್ಕದು ಎನ್ನದೆ ಎಲ್ಲವೂ ಹೋಗಬೇಕು. ಒಂದು ಠಾಣೆಗೆ ತನ್ನ ಸರಹದ್ದು ಮಾತ್ರ ಕಾಣುತ್ತದೆ. ಹೊನ್ನಾಳಿಯದು, ನ್ಯಾಮತಿಯದು, ಚನ್ನಗಿರಿಯದು ಎಲ್ಲವನ್ನೂ ಒಟ್ಟಿಗಿಟ್ಟು ನೋಡುವವರು ಶಿವಮೊಗ್ಗದಲ್ಲಿದ್ದರು.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ದಿನಕ್ಕೆ ಹೊಸ ಸೆಟ್ಟುಗಳು ಬಂದವು. ಕೀಲಿ ಇಲ್ಲ. ಮೈಕಿನ ಗುಂಡಿ ಒತ್ತಿ ಮಾತಾಡಬೇಕು, ಮುಗಿದ ಮೇಲೆ ಬಿಡಬೇಕು. ಒಬ್ಬರು ಮಾತಾಡಿದ್ದು ಜಿಲ್ಲೆಯ ಅಷ್ಟೂ ಠಾಣೆಗಳಿಗೆ ಕೇಳುತ್ತದೆ.

ಮೊದಲ ದಿನ ಮೂಕಪ್ಪ ಗುಂಡಿ ಒತ್ತಿದ. ಬೆಳಗಿನ ವರದಿ ಎನ್ನಲು ಹೋಗಿ "ಬೆ... ಬೆ..." ಎಂದು ನಿಂತುಬಿಟ್ಟ. ಗಾಬರಿಯಲ್ಲಿ ಗುಂಡಿಯಿಂದ ಬೆರಳು ಎತ್ತಿದ. ಕೂಡಲೇ ಚನ್ನಗಿರಿ ಕಡೆಯ ಠಾಣೆಯ ಆಪರೇಟರ್ ಯರ್ರಿಸ್ವಾಮಿಯ ದನಿ ನಡುವೆ ನುಗ್ಗಿತು.

"ಯಾವುದೋ ಕುರಿ ಸೇರ್ಕಂಡೈತೆ ನೋಡ್ರಪ್ಪ ಸೆಟ್ಟಿನಾಗೆ!"

ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಯರ್ರಿಸ್ವಾಮಿ ಕೆಟ್ಟವನಲ್ಲ, ಬಾಯಿ ಹಗುರ ಅಷ್ಟೆ. ಆದರೆ ಮೂಕಪ್ಪ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

ಅಲ್ಲಿಂದ ಮುಂದೆ ಅವನು ವರದಿಯನ್ನು ಕತ್ತರಿಸತೊಡಗಿದ. ಕೊಲೆ, ಬೆಂಕಿ, ದೊಡ್ಡ ಹೊಡೆದಾಟ ಇದ್ದರೆ ಮಾತ್ರ ಹೇಳುವುದು. ಉಳಿದ ದಿನ ಬಾಯಿಗೆ ಸಲೀಸಾಗಿ ಬರುತ್ತಿದ್ದ ಒಂದೇ ಮಾತು: "ಇತರೆ ವಿಶೇಷವಿಲ್ಲ."

ಕಂಟ್ರೋಲ್ ರೂಮಿಗೆ ಆಗಷ್ಟೇ ಬಂದಿದ್ದ ನಿರ್ಮಲಮ್ಮ ಒಂದು ಬೆಳಿಗ್ಗೆ ಕೇಳಿದಳು. "ಏನ್ರೀ, ನಿಮ್ಮ ಕಡೆ ಒಂದು ಕೋಳಿನೂ ಕಳುವಾಗಲ್ವಾ?"

"ಇ... ಇಲ್ಲ ಮೇಡಂ," ಎಂದ ಮೂಕಪ್ಪ.

ಹಾಗೆ ಹೇಳಿದ ವಾರದಲ್ಲೇ ಗೋವಿನಕೋವಿಯಿಂದ ಭೀಮಕ್ಕ ಎಂಬ ಹೆಂಗಸು ಠಾಣೆಗೆ ಬಂದಳು. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನು ತಾನೇ ನಿಂತು ಮಾಡಿಸುತ್ತಿದ್ದವಳು. ಹಿಂದೆಯೇ ಒಮ್ಮೆ ಬಂದು, ಹೊಳೆದಂಡೆಯ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿಕೊಂಡು ಹೋಗಿದ್ದಾರೆಂದು ದೂರು ಕೊಟ್ಟಿದ್ದಳು. ಏನಾಯಿತೆಂದು ವಿಚಾರಿಸಲು ಈಗ ಮತ್ತೆ ಬಂದಿದ್ದಳು. ಸಬ್ ಇನ್ಸ್‌ಪೆಕ್ಟರು ಬಂದೋಬಸ್ತಿಗೆ ಹೋಗಿದ್ದರು. ಇದ್ದವನು ಮೂಕಪ್ಪ ಒಬ್ಬನೇ.

"ಹಸಿರು ಟೆಂಪೋ ಅಂತ ಹೇಳಿದ್ನಲ್ರೀ, ಬಾಗಿಲಿಗೆ ತಗಡಿನ ತೇಪೆ ಹಾಕಿದ್ದು. ನಮ್ಮ ಓಣಿಯಾಗೆ ಹಾದು ಹೋಗಿದ್ದು ನಾನೇ ನೋಡೀನಿ. ಶಿವಮೊಗ್ಗಕ್ಕೆ ತಿಳಿಸೀರಾ?"

ಮೂಕಪ್ಪ ಮೇಜಿನ ಮೇಲಿದ್ದ ದೂರಿನ ಪುಸ್ತಕದ ಹಾಳೆ ತಿರುವತೊಡಗಿದ.

"ತಿಳಿಸೀರೋ ಇಲ್ಲೋ ಅಷ್ಟೇ ಹೇಳ್ರಿ. ನನಗೇನು ಸಿಟ್ಟಿಲ್ಲ. ಭತ್ತದ ಮಡಿ ಒಣಗಾಕೆ ಹತ್ತೈತೆ, ಪಕ್ಕದವರ ನೀರು ಎಷ್ಟು ದಿನ ಕೇಳ್ಲಿ?"

"ಇ... ಇಲ್ಲ," ಎಂದ. "ತಿಳಿಸಿಲ್ಲ ಕಣಕ್ಕ."

ಭೀಮಕ್ಕ ಬಯ್ಯುತ್ತಾಳೆಂದು ಕಾದ. ಅವಳು ಬಯ್ಯಲಿಲ್ಲ. ಸೆರಗು ಸರಿಮಾಡಿಕೊಂಡು, "ಹಂಗಾದ್ರೆ ಈಗ ತಿಳಿಸ್ರಿ," ಎಂದು ಬಸ್ಸಿಗೆ ಹೋದಳು.

ಮನೆಯಲ್ಲಿ ಹೊನ್ನೂರಮ್ಮನಿಗೆ ಎಲ್ಲವನ್ನೂ ಹೇಳಿದ. ಈ ಕೆಲಸ ನನ್ನಿಂದಾಗದು, ಮಾತಿಲ್ಲದ ಬೇರೆ ಯಾವುದಾದರೂ ಜಾಗಕ್ಕೆ ಹಾಕಿ ಎಂದು ಕೇಳುತ್ತೇನೆ ಎಂದ.

"ಕೇಳಾಕೂ ಮಾತೇ ಆಡಬೇಕಲ್ಲ," ಎಂದಳು ಅವಳು. "ಹೋಗಿ ಬರ್ರಿ. ಆದ್ರೆ ಆಯಮ್ಮನ ಸುದ್ದಿನೂ ಅಲ್ಲೇ ಹೇಳಿ ಬರ್ರಿ."

ರಜೆಯ ದಿನ ಶಿವಮೊಗ್ಗದ ಬಸ್ಸು ಹತ್ತಿದ. ಕಂಟ್ರೋಲ್ ರೂಮಿನಲ್ಲಿ ವರ್ಗ ಕೊಡಬೇಕಾದ ಸಾಹೇಬರು ಇರಲಿಲ್ಲ, ನಿರ್ಮಲಮ್ಮ ಇದ್ದಳು. ದನಿ ಕೇಳಿದ ಕೂಡಲೇ ಗುರುತು ಹಿಡಿದಳು. ಸ್ಟೂಲು ತಂದು ಕೂರಿಸಿ, ಅವನು ಹೇಳಿ ಮುಗಿಸುವವರೆಗೂ ಬೇರೆ ಕಡೆ ನೋಡಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಮಾತು ನಿಂತಾಗ ಗುಂಡಿ ಯಾಕ್ರೀ ಬಿಡ್ತೀರಾ?"

"ನಾ... ನಾಚಿಕೆ ಆಗ್ತೈತಿ."

"ಬಿಟ್ರೆ ತಾನೇ ಬೇರೆಯವರು ನುಗ್ಗೋದು? ಒತ್ತಿ ಹಿಡಿದಿರೋತನಕ ಆ ಲೈನು ನಿಮ್ದು. ಯಾರೂ ಏನೂ ಮಾಡಾಕೆ ಬರಲ್ಲ. ನೀವು ನಿಂತ್ರೆ ನಾನು ಕಾಯ್ತೀನಿ. ನನಗೆ ಬೇಕಾಗಿರೋದು ಸುದ್ದಿ, ಸ್ಪೀಡಲ್ಲ."

ಸೆಟ್ಟು ಹಾಗೆಯೇ ಕೆಲಸ ಮಾಡುತ್ತದೆಂದು ಮೂಕಪ್ಪನಿಗೂ ಗೊತ್ತಿತ್ತು. ಅದನ್ನು ತನಗಾಗಿ ಬಳಸಬಹುದು ಎಂದು ಮಾತ್ರ ಹೊಳೆದಿರಲಿಲ್ಲ. ವರ್ಗಾವಣೆಯ ಮಾತೆತ್ತದೆ ಹಿಂದಿರುಗಿದ.

ಮರುದಿನ ಬೆಳಿಗ್ಗೆ ತನ್ನ ಸರದಿ ಬಂದಾಗ ಗುಂಡಿ ಒತ್ತಿದ, ಬಿಡಲಿಲ್ಲ. ಗೋವಿನಕೋವಿ ಎನ್ನುವಲ್ಲೇ ಸಿಕ್ಕಿಕೊಂಡ. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಬೆರಳು ಮಾತ್ರ ಗಟ್ಟಿಯಾಗಿತ್ತು. ಜಿಲ್ಲೆಯ ಠಾಣೆಗಳೆಲ್ಲ ಸುಮ್ಮನೆ ಕೇಳುತ್ತ ಕೂತಿದ್ದವು, ಕೇಳದೆ ಬೇರೆ ದಾರಿಯಿರಲಿಲ್ಲ. ಊರಿನ ಹೆಸರು ಹೊರಬಂತು. ಮೋಟಾರು ಬಂತು. ಹಸಿರು ಟೆಂಪೋ ಬಂತು. ತಗಡಿನ ತೇಪೆ ಹೊರಬರಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅದರ ಹಿಂದೆಯೇ ಇಷ್ಟು ದಿನ ನುಂಗಿಕೊಂಡಿದ್ದ ಚಿಕ್ಕಪುಟ್ಟ ದೂರುಗಳನ್ನೂ ಒಂದೊಂದಾಗಿ ಹೇಳಿದ. ನ್ಯಾಮತಿ ದಾರಿಯಲ್ಲಿ ಕಳುವಾದ ಪಂಪಿನ ಸ್ಟಾರ್ಟರಿನ ಸುದ್ದಿಯೂ ಅದರಲ್ಲಿತ್ತು. ಎಲ್ಲ ಮುಗಿದ ಮೇಲೆ ಗುಂಡಿ ಬಿಟ್ಟ.

ನಗು ಬರುತ್ತದೆಂದು ಕಾದ. ಬಂದದ್ದು ಯರ್ರಿಸ್ವಾಮಿಯ ದನಿ.

"ಕಂಟ್ರೋಲ್, ಕಂಟ್ರೋಲ್. ಆ ತೇಪೆ ಟೆಂಪೋ ನಮ್ಮ ಕಡೆನೂ ಬಂದೈತೆ ರೀ. ಉಬ್ರಾಣಿಯಾಗೆ ಮೋಟಾರು ಹೋದಾಗ ಊರವರು ಅದನ್ನೇ ಹೇಳಿದ್ರು. ಗುಜರಿ ಗಾಡಿ ಇರಬೇಕು ಅಂತ ನಾನೇ ಕಳಿಸಿರಲಿಲ್ಲ."

"ಇಬ್ಬರೂ ಲೈನಲ್ಲೇ ಇರಿ," ಎಂದಳು ನಿರ್ಮಲಮ್ಮ.

ಎರಡೂ ಕಡೆಯ ಸುದ್ದಿ ಸೇರಿಸಿದಾಗ ಟೆಂಪೋ ಹೊಳೆಸಾಲಿನಿಂದ ಚನ್ನಗಿರಿ ದಾಟಿ ಪೂರ್ವಕ್ಕೆ ಹೋಗುತ್ತಿದೆ ಎಂದು ಕಂಡಿತು. ಸಾಹೇಬರು ಚಿತ್ರದುರ್ಗ ಜಿಲ್ಲೆಗೂ ತಿಳಿಸಿದರು. ಕೆಲವೇ ದಿನಗಳಲ್ಲಿ, ಆಗ ಆ ಜಿಲ್ಲೆಯಲ್ಲಿದ್ದ ಜಗಳೂರಿನ ದಾರಿಯ ಒಂದು ಗುಜರಿ ಅಂಗಡಿಯ ಮುಂದೆ ಟೆಂಪೋ ಸಿಕ್ಕಿತು. ಹಿಂದಿನ ಶೆಡ್ಡಿನಲ್ಲಿ ಮೋಟಾರುಗಳ ಗುಡ್ಡೆ ಬಿದ್ದಿತ್ತು.

ಭೀಮಕ್ಕನ ಮೋಟಾರೂ ಅದರಲ್ಲಿತ್ತು, ಆದರೆ ಒಳಗಿನ ತಾಮ್ರದ ತಂತಿಯನ್ನು ಬಿಚ್ಚಿ ಮಾರಿಬಿಟ್ಟಿದ್ದರು. ಬರೀ ಕಬ್ಬಿಣದ ಚಿಪ್ಪು. ಅದನ್ನು ಒಪ್ಪಿಸುವಾಗ ಮೂಕಪ್ಪ ತಲೆ ತಗ್ಗಿಸಿದ.

"ಮೊ... ಮೊದಲೇ ತಿಳಿಸಿದ್ರೆ ತಂತಿ ಉಳೀತಿತ್ತೇನೋ ಅಕ್ಕ."

"ಉಳೀತಿತ್ತು," ಎಂದಳು ಭೀಮಕ್ಕ, ಸಮಾಧಾನದ ಮಾತು ಸೇರಿಸದೆ. ಆಮೇಲೆ ಮೋಟಾರನ್ನು ತಿರುಗಿಸಿ ನೋಡಿ, "ಹೊನ್ನಾಳ್ಯಾಗೆ ಹೊಸ ತಂತಿ ಸುತ್ತಿ ಕೊಡೋರು ಅದಾರೆ. ಈ ಬೆಳೆಗೆ ಹೆಂಗೋ ಆತು, ಮುಂದಿನದಕ್ಕೆ ಬರ್ತೈತೆ. ಇದನ್ನ ಗಾಡಿಗೆ ಎತ್ತಾಕೆ ಒಂದು ಕೈ ಹಿಡೀರಿ," ಎಂದಳು. ಇಬ್ಬರೂ ಸೇರಿ ಎತ್ತಿಟ್ಟರು.

ಮೂಕಪ್ಪನಿಗೆ ಬಹುಮಾನ ಬರಲಿಲ್ಲ, ತೊದಲೂ ಹೋಗಲಿಲ್ಲ. ನ್ಯಾಮತಿಗೂ ಆಮೇಲೆ ಚನ್ನಗಿರಿ ಕಡೆಗೂ ವರ್ಗವಾಗಿ ಹೋದಾಗಲೂ ಅದೇ ಕೆಲಸ ಮಾಡಿದ. ಯರ್ರಿಸ್ವಾಮಿ ಮೂಕಪ್ಪನ ಮಗಳ ಮದುವೆಗೆ ಬಂದು, ಬಡಿಸುವುದಕ್ಕೆ ನಿಂತು, ಎಲ್ಲರಿಗಿಂತ ಜೋರಾಗಿ ಮಾತಾಡಿದ.

ಕಂಟ್ರೋಲ್ ರೂಮಿನಲ್ಲಿ ನಿರ್ಮಲಮ್ಮ ಒಂದು ಬದಲಾವಣೆ ಮಾಡಿದ್ದಳು. ಬೆಳಗಿನ ವರದಿಗೆ ಮೂಕಪ್ಪನ ಠಾಣೆಯನ್ನು ಎಲ್ಲರಿಗಿಂತ ಕೊನೆಗೆ ಕರೆಯುತ್ತಿದ್ದಳು, ಅವನ ಹಿಂದೆ ಯಾರೂ ಕಾಯುತ್ತಿರಬಾರದೆಂದು. ಆದರೂ ತಮ್ಮ ಸರದಿ ಮುಗಿದ ಎಷ್ಟೋ ಠಾಣೆಯವರು ಸೆಟ್ಟಿನ ದನಿ ತಗ್ಗಿಸದೆ ಅವನದನ್ನೂ ಕೇಳಿಯೇ ಏಳುತ್ತಿದ್ದರು.